ಪೆನ್ಸಿಲಕ್ಕ ಅಳಿಸಿದ ಗಾಯಗಳು

ಆ ಊರಿನಲ್ಲಿ ಮೊಡವೆ ಇದ್ದ ಮದುಮಗಳು ಒಬ್ಬಳೂ ಇರಲಿಲ್ಲ. ನಂಬಿಕೆ ಬಾರದಿದ್ದರೆ ಯಾರ ಮನೆಗೆ ಬೇಕಾದರೂ ಹೋಗಿ ಗೋಡೆಯ ಮೇಲಿನ ಫೋಟೋ ನೋಡಬಹುದಿತ್ತು. ಸಿಡುಬಿನ ಕಲೆಯ ಮದುಮಗನಿಲ್ಲ, ಕಣ್ಣ ಕೆಳಗೆ ಕಪ್ಪು ಬಿದ್ದ ಅತ್ತೆಯಿಲ್ಲ, ಹಣೆಯಲ್ಲಿ ಗೆರೆಯಿದ್ದ ಮಾವನಿಲ್ಲ. ಎಲ್ಲರೂ ಸುಲಿದಿಟ್ಟ ಮೊಟ್ಟೆಯ ಹಾಗೆ ನುಣ್ಣಗೆ. ಇವರನ್ನೆಲ್ಲ ಹೀಗೆ ಮಾಡಿದವಳು ಒಬ್ಬಳೇ ಹೆಂಗಸು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಕೂತು ಮೂವತ್ತೆಂಟು ವರ್ಷ ಅವಳು ಊರಿನ ಮುಖ ತಿದ್ದಿದಳು. ಊರು ಅವಳನ್ನು ಪೆನ್ಸಿಲಕ್ಕ ಎಂದು ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸರ್ಕಾರಿ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಕೆಲಸ ಕಲಿಸಿದ್ದು ಅಪ್ಪ. ಅವರ ಸ್ಟುಡಿಯೋದಲ್ಲಿ ಫೋಟೋ ಬೀಳುತ್ತಿದ್ದದ್ದು ಗಾಜಿನ ಪ್ಲೇಟಿನ ಮೇಲೆ. ನೆಗೆಟಿವ್ ಅಂದರೆ ಗೊತ್ತಲ್ಲ, ಎಲ್ಲ ತಿರುಗುಮುರುಗು. ಕಪ್ಪು ಕೂದಲು ಬೆಳ್ಳಗೆ, ಬಿಳಿ ಅಂಗಿ ಕಪ್ಪಗೆ. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಪ್ಲೇಟಿಗೆ ತೆಳ್ಳಗೆ ವಾರ್ನಿಷ್ ಸವರಿ, ಆ ಚುಕ್ಕೆಯನ್ನು ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ತುಂಬಿದರೆ ಕಾಗದದ ಮೇಲೆ ಕಲೆ ಮಾಯ. ಬಿಳಿ ಕಲೆ ತೆಗೆಯಬೇಕಾದರೆ ಮಾತ್ರ ಪೆನ್ಸಿಲು ಕೆಲಸಕ್ಕೆ ಬಾರದು. ಸಣ್ಣ ಚಾಕುವಿನಿಂದ ಗಾಜಿನ ಮೇಲಿನ ಪದರವನ್ನೇ ಮೆಲ್ಲಗೆ ಕೆರೆಯಬೇಕು. ಪೆನ್ಸಿಲಿನ ಕೆಲಸ ಇಷ್ಟವಾಗದಿದ್ದರೆ ಟರ್ಪೆಂಟೈನ್ ಹಾಕಿ ಒರೆಸಿಬಿಡಬಹುದು. ಚಾಕುವಿನ ಕೆಲಸ ತಲೆಕೆಳಗಾಗಿ ನಿಂತರೂ ವಾಪಸ್ಸು ಬರುವುದಿಲ್ಲ.

ಅಪ್ಪ ಹೋದ ಮೇಲೆ ಕ್ಯಾಮೆರಾ ತಮ್ಮನ ಪಾಲಿಗೆ ಬಂತು, ಕಿಟಕಿ ಅವಳ ಪಾಲಿಗೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಬಂದ ಗಂಡುಗಳ ಫೋಟೋನೆಲ್ಲ ನಾನೇ ತಿದ್ದಿದ್ದೆ, ಒಳಗೆ ಏನಿದೆ ಅಂತ ಗೊತ್ತಿತ್ತಲ್ಲ" ಅಂತ ನಗುತ್ತಿದ್ದಳು. ಸ್ಟುಡಿಯೋದ ಹಿಂದೆಯೇ ತಮ್ಮನ ಮನೆ, ಅದರಲ್ಲಿ ಅವಳಿಗೊಂದು ಕೋಣೆ. ತಮ್ಮನ ಹೆಂಡತಿ ಒರಟು ಮಾತಿನವಳು, ಆದರೆ ಊಟಕ್ಕೆ ಕರೆಯದೆ ತಾನು ಕೂತವಳಲ್ಲ. ಗಿರಾಕಿಗಳ ಕಾಟ ಮಾತ್ರ ಹೇಳತೀರದು. ಒಬ್ಬ ಮೇಷ್ಟ್ರು ಬಂದು ತಲೆ ತುಂಬ ಕೂದಲು ಬರೆಸಿಕೊಂಡು ಹೋದರು. ಮನೆಯಲ್ಲಿ ಹೆಂಡತಿ ಫೋಟೋ ನೋಡಿ, "ಇವರು ಯಾರ್ರೀ, ಚೆನ್ನಾಗಿದಾರೆ" ಎಂದರಂತೆ. ಮೇಷ್ಟ್ರು ಮಾರನೇ ದಿನವೇ ಬಂದು ಅರ್ಧ ಕೂದಲು ತೆಗೆಸಿದರು.

ಹೀಗೆ ನಗುತ್ತಾ ನಗುತ್ತಾ ಮಾಡಿದ ಕೆಲಸವೇ ಅವಳ ಕೊರಳಿಗೆ ಬಂತು.

ಊರಾಚೆ ಒಂದು ಅನಾಥಾಲಯ. ವರ್ಷಕ್ಕೊಮ್ಮೆ ಅಲ್ಲಿನ ಮಕ್ಕಳ ಗುಂಪು ಫೋಟೋ ಆಗುತ್ತಿತ್ತು. ಮೆಟ್ಟಿಲ ಮೇಲೆ ಮೂರು ಸಾಲು, ಅರವತ್ತು ಮಕ್ಕಳು, ಕಡುನೀಲಿ ಯೂನಿಫಾರಂ. ನಡುವೆ ವಾರ್ಡನ್, ಎರಡು ಕೈಯೂ ಎರಡು ಮಕ್ಕಳ ಹೆಗಲ ಮೇಲೆ. ಆ ಫೋಟೋ ದಾನಿಗಳ ಮನೆಗಳಿಗೆ ಹೋಗುತ್ತಿತ್ತು, ಒಂದು ಪ್ರತಿ ಕಟ್ಟು ಹಾಕಿಸಿಕೊಂಡು ಅನಾಥಾಲಯದ ಗೋಡೆ ಏರುತ್ತಿತ್ತು. ಪ್ಲೇಟು ಬಂದಾಗಲೆಲ್ಲ ಪೆನ್ಸಿಲಕ್ಕನಿಗೆ ವಾರದ ಕೆಲಸ. ಅರವತ್ತು ಮುಖದಲ್ಲಿ ಬೆಳಕಿನ ಚುಕ್ಕೆ, ಮುಂದಿನ ಸಾಲಿನ ಮಕ್ಕಳ ಮೊಣಕಾಲ ಕೆಳಗೆ ಬೆಳಕಿನ ಪಟ್ಟೆ. ಮೊದಲ ವರ್ಷ ಕೇಳಿದ್ದಳು. "ಕಜ್ಜಿ, ಸೊಳ್ಳೆ ಕಡಿತ, ಮಕ್ಕಳಲ್ವಾ, ಬೀಳ್ತವೆ ಏಳ್ತವೆ" ಎಂದಿದ್ದ ತಮ್ಮ. ಅದನ್ನು ಅವಳು ನಂಬಿದಳು ಎನ್ನುವಂತೆಯೂ ಇಲ್ಲ. ನಂಬಬೇಕಾದರೆ ಒಂದು ಗಳಿಗೆಯಾದರೂ ಯೋಚಿಸಬೇಕಲ್ಲ! ಸೊಳ್ಳೆ ಎಲ್ಲಿಯಾದರೂ ಪಟ್ಟೆ ಪಟ್ಟೆಯಾಗಿ ಕಚ್ಚುತ್ತದೆಯೇ? ಅವಳು ಹೂಂಗುಟ್ಟಿ ಪೆನ್ಸಿಲು ಚೂಪು ಮಾಡಿಕೊಂಡಳು. ಹನ್ನೊಂದು ವರ್ಷ ಹಾಗೇ ಮಾಡಿದಳು.

ಹನ್ನೊಂದನೇ ವರ್ಷದ ಪ್ಲೇಟಿನಲ್ಲಿ, ಎರಡನೇ ಸಾಲಿನಲ್ಲಿ ನಿಂತ ಒಂದು ಸಣ್ಣ ಹುಡುಗಿಯ ಕೊರಳಿಂದ ಎದೆಯ ಮೇಲೆ ಕಪ್ಪನೆಯ ಮುಕ್ಕೋನ ಇಳಿದಿತ್ತು. ನೆಗೆಟಿವ್‌ನಲ್ಲಿ ಕಪ್ಪು ಎಂದರೆ ಅಸಲಿಗೆ ಬಿಳಿ. ಮುರಿದ ಕೈಯನ್ನು ಕೊರಳಿಗೆ ತೂಗುಹಾಕುವ ಬಟ್ಟೆ ಅದು, ಪೆನ್ಸಿಲಕ್ಕನಿಗೆ ತಕ್ಷಣ ತಿಳಿಯಿತು. ಮೊಣಕೈಯಿಂದ ಕೆಳಗಿನದು ಮುಂದಿನ ಸಾಲಿನ ತಲೆಗಳ ಹಿಂದೆ ಮರೆಯಾಗಿತ್ತು.

"ಈ ಮಗೂ ಕೈಗೆ ಏನಾಗಿದೆಯೋ?" ಎಂದು ಕೇಳಿದಳು.

"ಬಿದ್ದಳಂತೆ. ಒಳ್ಳೇ ಸಾಲಲ್ಲಿ ಅದೊಂದು ಬಿಳೀ ಬಟ್ಟೆ ಕಣ್ಣಿಗೆ ಹೊಡೆಯತ್ತೆ. ವಾರ್ಡನ್ನೂ ಹೇಳಿದಾರೆ, ತೆಗೆದುಬಿಡಕ್ಕ" ಎಂದ ತಮ್ಮ.

ತೆಗೆದಳು. ಅರ್ಧ ದಿನ ಹಿಡಿಯಿತು. ಚಾಕು ಒಂದು ಕೂದಲೆಳೆ ಅತ್ತಿತ್ತ ಹೋದರೂ ಪಕ್ಕದ ಯೂನಿಫಾರಂ ಕೆಡುತ್ತದೆ. ಅವಳ ಕೈ ಅತ್ತಿತ್ತ ಹೋಗುವ ಕೈಯಲ್ಲ. ಬಟ್ಟೆಯ ಅಂಚಿನೊಳಗೇ ನಿಂತು, ಉಸಿರು ಬಿಗಿಹಿಡಿದು ಕೆರೆದು, ಬಿಳಿಯನ್ನು ಕಡುನೀಲಿಗೆ ತಂದು ನಿಲ್ಲಿಸಿದಳು. ಕಾಗದಕ್ಕೆ ಇಳಿಸಿದಾಗ ತಮ್ಮ, "ಅಬ್ಬಬ್ಬಾ, ಎಲ್ಲಿತ್ತು ಅಂತ ನಂಗೇ ಗೊತ್ತಾಗ್ತಿಲ್ಲ" ಎಂದು ಬಾಯಿ ತುಂಬ ಹೊಗಳಿದ. ಅವತ್ತು ಅವಳಿಗೆ ಖುಷಿಯೇ ಆಗಿತ್ತು. ಮುಚ್ಚಿಡುವುದೇಕೆ, ಆಗಿತ್ತು.

ಇಪ್ಪತ್ತು ದಿನ ಕಳೆದ ಮೇಲೆ ಅನಾಥಾಲಯದಲ್ಲಿ ಒಂದು ಮಗು ಸತ್ತಿತೆಂದು ಸುದ್ದಿ ಬಂತು. ಮೆಟ್ಟಿಲಿಂದ ಜಾರಿ ಬಿದ್ದಳಂತೆ, ಕೈ ಮುರಿದು, ತಲೆಗೆ ಏಟು ಬಿತ್ತಂತೆ. ಅವತ್ತೇ ಮಣ್ಣು ಮಾಡಿಯೂ ಆಗಿತ್ತು. ಪೆನ್ಸಿಲಕ್ಕ "ಅಯ್ಯೋ ಪಾಪ" ಎಂದಳು. ಯಾವ ಮಗು ಎಂದು ಕೇಳಲಿಲ್ಲ.

ಕೇಳಿಸಿದ್ದು ಅದಾದ ಹತ್ತು ದಿನಕ್ಕೆ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಸ್ಟುಡಿಯೋದ ಬೆಂಚಿನ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು. ಹತ್ತೊಂಬತ್ತು ಇಪ್ಪತ್ತರ ವಯಸ್ಸು, ಹೊಲಿಗೆ ಕಾರ್ಖಾನೆಯ ಮೇಲಂಗಿ, ಅದರ ತೋಳಿಗೆ ಅಂಟಿದ ದಾರದ ಚೂರುಗಳು. ತಮ್ಮ ಹೊರಗೆಲ್ಲೋ ಹೋಗಿದ್ದ.

"ನೀವೇನಾ ಪೆನ್ಸಿಲಕ್ಕ?"

"ಹೂಂ. ಫೋಟೋಗಾ? ತಮ್ಮ ಬರ್ತಾನೆ, ಕೂತಿರಮ್ಮ."

"ಫೋಟೋಗಲ್ಲ. ಅನಾಥಾಲಯದಲ್ಲಿ ತೀರಿಕೊಂಡಳಲ್ಲ ಗುಬ್ಬಿ, ಅವಳು ನನ್ನ ತಂಗಿ."

ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಇಬ್ಬರೂ ಅಲ್ಲೇ ಬೆಳೆದವರು. ತಾನು ದೊಡ್ಡವಳಾಗಿ ಹೊಲಿಗೆ ಕೆಲಸಕ್ಕೆ ಸೇರಿದ್ದು, ತಂಗಿಯನ್ನು ಆದಷ್ಟು ಬೇಗ ಕರೆದುಕೊಂಡು ಹೋಗಬೇಕೆಂದು ಬಾಡಿಗೆ ಕೋಣೆ ಹುಡುಕುತ್ತಿದ್ದದ್ದು. ಕಳೆದ ಎರಡು ಸಲ ನೋಡಲು ಹೋದಾಗ ಪರೀಕ್ಷೆ ಇದೆ ಎಂದು ವಾರ್ಡನ್ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದು. ಆಮೇಲೆ ಒಂದು ದಿನ ಕಾರ್ಖಾನೆಗೆ ಫೋನು.

"ಒಂದು ಮಗು ನನ್ನ ಕಿವೀಲಿ ಹೇಳ್ತು, ಫೋಟೋ ತೆಗೆದ ದಿನಾನೇ ಗುಬ್ಬಿ ಕೈಗೆ ಬಟ್ಟೆ ಕಟ್ಟಿತ್ತು ಅಂತ. ದೂರು ಕೊಟ್ಟೆ, ವಿಚಾರಣೆ ನಡೀತಿದೆ. ಅಧಿಕಾರಿಗಳ ಮುಂದೆ ಮಕ್ಕಳನ್ನ ಕೇಳಿದ್ರೆ ಎಲ್ಲವೂ ವಾರ್ಡನ್ ಮುಖ ನೋಡಿ ಏನಿಲ್ಲ ಅಂದ್ವು. ವಾರ್ಡನ್ ಗೋಡೆ ಮೇಲಿನ ಫೋಟೋ ತಂದಿಟ್ಟ. ನೋಡಿ ಸ್ವಾಮಿ, ಮೊನ್ನೆ ಮೊನ್ನೆ ತೆಗೆಸಿದ್ದು, ಬಟ್ಟೆ ಎಲ್ಲಿದೆ, ಗಾಯ ಎಲ್ಲಿದೆ ಅಂದ. ಅಕ್ಕಾ, ಆ ಬಟ್ಟೆ ನೀವು ನೋಡಿದ್ರಾ?"

"ಇಲ್ಲಮ್ಮ," ಎಂದಳು ಪೆನ್ಸಿಲಕ್ಕ. "ನಾನೇನೂ ನೋಡಲಿಲ್ಲ."

ಬಾಯಿಗೆ ಬಂದದ್ದು ಅದೇ. ಹುಡುಗಿ ಜಗಳವಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ನಿಂತಳು.

"ನಂಗೆ ಹನ್ನೆರಡು ವರ್ಷ ಇದ್ದಾಗ ಆ ವಾರ್ಡನ್ ಬೆಲ್ಟಿನ ಬಕಲ್ಲಿಂದ ಹೊಡೆದು ನನ್ನ ತುಟಿ ಸೀಳಿದ್ದ. ವಾರಕ್ಕೆ ಫೋಟೋ ತೆಗೆದರು. ಗೋಡೆಗೆ ಹಾಕಿದ ಮೇಲೆ ಓಡಿಹೋಗಿ ನೋಡಿದೆ. ತುಟಿ ಚೆನ್ನಾಗೇ ಇತ್ತು. ನಾನೇ ಏನೋ ಕನಸು ಕಂಡೆನೇನೋ ಅಂದ್ಕೊಂಡೆ. ಸುಮಾರು ವರ್ಷ ಹಾಗೇ ಅಂದ್ಕೊಂಡಿದ್ದೆ" ಎಂದು ಹೇಳಿ ಹೊರಟುಹೋದಳು.

ಪೆನ್ಸಿಲಕ್ಕ ಕಪಾಟಿನ ಬಾಗಿಲು ತೆಗೆದಳು. ಅಲ್ಲಿ ಹನ್ನೊಂದು ವರ್ಷದ ಪ್ಲೇಟುಗಳು ಮರದ ಪೆಟ್ಟಿಗೆಯಲ್ಲಿ ನಿಂತಿದ್ದವು. ಲೆಕ್ಕ ಹಾಕಿ ಏಳೆಂಟು ವರ್ಷದ ಹಿಂದಿನದೊಂದನ್ನು ಎಳೆದು, ಮೂರನೇ ಸಾಲಿನ ಹುಡುಗಿಯರನ್ನು ಒಬ್ಬೊಬ್ಬರಾಗಿ ಭೂತಗನ್ನಡಿಯಲ್ಲಿ ನೋಡಿದಳು. ಸಿಕ್ಕಿದಳು. ಹತ್ತಿಗೆ ಟರ್ಪೆಂಟೈನ್ ಹಾಕಿ ಬಾಯಿಯ ಹತ್ತಿರ ಸವರಿದಳು. ತನ್ನದೇ ಕೈಕೆಲಸ ಬೂದಿ ಬಣ್ಣಕ್ಕೆ ಕರಗಿ ಹತ್ತಿಗೆ ಬಂತು, ತುಟಿಯ ಮೇಲಿಂದ ಮೂಗಿನವರೆಗೆ ಬೆಳಕಿನ ಗೆರೆಯೊಂದು ಹೊಳೆಯಿತು. ಆ ಗೆರೆ ನೆನಪಿತ್ತು! ಇದಕ್ಕೆ ಪೆನ್ಸಿಲು ಮೂರು ಸಲ ಚೂಪು ಮಾಡಬೇಕಾಗಿ ಬಂದು, ಥೂ ಹಾಳಾದ್ದು ಎಂದು ಬೈದುಕೊಂಡದ್ದೂ ನೆನಪಿತ್ತು. ಬೈದದ್ದು ಗಾಯಕ್ಕೆ.

ಸಂಜೆ ತಮ್ಮ ವಾರ್ಡನ್ ಕೊಟ್ಟ ಒಂದು ಟೈಪು ಮಾಡಿದ ಹಾಳೆ ಹಿಡಿದುಕೊಂಡು ಬಂದ. ಈ ಫೋಟೋಗಳಲ್ಲಿ ನಮ್ಮ ಸ್ಟುಡಿಯೋದವರು ಯಾವುದೇ ಬದಲಾವಣೆ ಮಾಡಿರುವುದಿಲ್ಲ ಎಂದು ಅದರಲ್ಲಿತ್ತು. ಅವನ ಸಹಿ ಆಗಿತ್ತು.

"ಪ್ಲೇಟಿನ ಮೇಲೆ ಕೆಲಸ ಮಾಡೋರದ್ದೂ ಸಹಿ ಬೇಕಂತೆ. ನಾಳೆ ಬೆಳಗ್ಗೆ ವಿಚಾರಣೆ."

"ಬದಲಾವಣೆ ಮಾಡಿಲ್ವೇನೋ?"

"ಅದು ಬದಲಾವಣೆ ಏನಕ್ಕ? ಟಚಪ್ಪು! ಮುಖ ತೊಳೆದ ಹಾಗೆ. ಲೋಕದಲ್ಲಿ ಎಲ್ಲ ಸ್ಟುಡಿಯೋದವರೂ ಮಾಡ್ತಾರೆ."

"ಆ ಬಟ್ಟೆ?"

ತಮ್ಮ ಕುರ್ಚಿಯ ಮೇಲೆ ಕೂತ. ಕೆಟ್ಟವನಲ್ಲ ಅವನು. ಹೆದರಿದವನು. "ಅಕ್ಕಾ, ಫೋಟೋ ತೆಗೆಯೋದು ನಮ್ಮ ಕೆಲಸ, ನಾವೇನು ಪೊಲೀಸರಲ್ಲ. ಈಗ ಬಾಯಿ ಬಿಟ್ರೆ ಮೊದಲು ನಮ್ಮನ್ನೇ ಒಳಗೆ ಹಾಕ್ತಾರೆ. ಆಮೇಲೆ ಯಾವ ಸ್ಕೂಲಿನವರು ಕರೀತಾರೆ? ಸ್ಟುಡಿಯೋ ಮುಚ್ಚಿದರೆ ನಿನ್ನನ್ನ ಎಲ್ಲಿ ಇಟ್ಕೊಳ್ಲಿ? ಸತ್ತ ಮಗು ಎದ್ದು ಬರತ್ತಾ?"

"ಇನ್ನೂ ಐವತ್ತೊಂಬತ್ತು ಇದಾವಲ್ಲೋ ಅಲ್ಲಿ."

ಒಳಗಿನಿಂದ ಅವನ ಹೆಂಡತಿ ಬಂದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಅವಳೂ ಎರಡು ಮಕ್ಕಳ ತಾಯಿ. ಗಂಡನ ಪರವಾಗಿ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು ಒಳಗೆ ಹೋದಳು. ಪೆನ್ಸಿಲಕ್ಕ ಹಾಳೆಗೆ ಸಹಿ ಹಾಕಲಿಲ್ಲ.

ವಿಚಾರಣೆ ನಡೆದದ್ದು ಸರ್ಕಾರಿ ಕಚೇರಿಯ ಎರಡನೇ ಮಹಡಿಯಲ್ಲಿ. ಉದ್ದನೆಯ ಮೇಜು, ಕುಂಟುತ್ತಾ ತಿರುಗುವ ಫ್ಯಾನು, ಗೋಡೆಗೆ ಒರಗಿಸಿದ ಫೈಲಿನ ಗಂಟುಗಳು. ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ವಿಚಾರಣಾಧಿಕಾರಿ, ಟೈಪ್‌ರೈಟರ್ ಮುಂದೆ ಗುಮಾಸ್ತ, ಬಾಗಿಲಲ್ಲಿ ಒಬ್ಬ ಪೊಲೀಸಿನವನು. ಒಂದು ಕಡೆ ವಾರ್ಡನ್ ಮತ್ತು ಅವನ ವಕೀಲ, ಇನ್ನೊಂದು ಕಡೆ ಒಬ್ಬಳೇ ಹೊಲಿಗೆಯ ಹುಡುಗಿ. ಪೆನ್ಸಿಲಕ್ಕ ಮರದ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ತಮ್ಮ ಬಂದ, ಪೆಟ್ಟಿಗೆ ಹಿಡಿಯಲು ಕೈ ಚಾಚಲೂ ಇಲ್ಲ, ಬೇಡ ಅನ್ನಲೂ ಇಲ್ಲ.

"ಸಾರ್, ಈ ಫೋಟೋ ಎಲ್ಲಾನೂ ನಾನು ತಿದ್ದಿದೀನಿ," ಎಂದಳು, ಕೂರುವ ಮೊದಲೇ.

ವಕೀಲ ನಕ್ಕ. "ಅಂದ್ರೆ ಹನ್ನೊಂದು ವರ್ಷದಿಂದ ಸುಳ್ಳು ಬರೆದವರು ನೀವು. ಇವತ್ತು ನಿಜ ಹೇಳ್ತೀರಿ ಅಂತ ನಾವು ನಂಬಬೇಕು. ಇಲ್ಲದ ಕಲೆ ಬರೆಯೋಕೂ ನಿಮಗೆ ಬರತ್ತಲ್ವೇ?"

"ಬರತ್ತೆ ಸ್ವಾಮಿ. ಅದಕ್ಕೇ ಮನೇಲಿ ತೊಳೆದು ತಂದಿಲ್ಲ. ಒಂದು ಪ್ಲೇಟಲ್ಲಿ ಒಂದು ತುಟಿ ಒರೆಸಿದೀನಿ, ಅದನ್ನ ಬದಿಗಿಡಿ. ಮಿಕ್ಕಿದ್ದರಲ್ಲಿ ಯಾವುದು ಬೇಕೋ ಸಾಹೇಬರೇ ಆರಿಸಿ ಕೊಡಲಿ. ನಿಮ್ಮ ಕಣ್ಣೆದುರೇ ಒರೆಸ್ತೀನಿ. ನಾನು ಬರೆದ ಕಲೆ ಆಗಿದ್ರೆ ಒರೆಸಿದಾಗ ಹೋಗಬೇಕು. ಬಂದ್ರೆ ಅದು ಮೊದಲೇ ಇದ್ದದ್ದು."

ಅಧಿಕಾರಿ ಒಂದು ಪ್ಲೇಟು ಎಳೆದು ಕೊಟ್ಟರು. ಅವಳು ಅದನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಹತ್ತಿಯಿಂದ ಮುಂದಿನ ಸಾಲಿನ ಕಾಲುಗಳ ಮೇಲೆ ಎಡದಿಂದ ಬಲಕ್ಕೆ ಸವರಿಕೊಂಡು ಹೋದಳು. ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ಹರಡಿತು. ಒಂದೊಂದೇ ಕಾಲಿನ ಮೇಲೆ ಪಟ್ಟೆಗಳು ಎದ್ದವು. ನಾಲ್ಕು ಬೆರಳಷ್ಟು ಉದ್ದ, ಒಂದರ ಕೆಳಗೊಂದು, ತುದಿಯಲ್ಲಿ ಬಕಲ್ಲಿನ ಚೌಕ. ಅದು ಏನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಅಧಿಕಾರಿ ಮೂಗು ಒರೆಸುವುದನ್ನು ಬಿಟ್ಟು ಎದ್ದು ನಿಂತರು. ಇನ್ನೊಂದು ಪ್ಲೇಟು ಕೊಟ್ಟರು, ಮತ್ತೊಂದು ಕೊಟ್ಟರು. ವಾರ್ಡನ್ ಕಾಲರಿನ ಗುಂಡಿ ಸಡಿಲಿಸಿಕೊಂಡ.

"ಮಕ್ಕಳಿಗೆ ಶಿಸ್ತು ಬೇಡವೇ?" ಎಂದ ವಕೀಲ. "ಏಟು ಕೊಟ್ಟ ಮಾತ್ರಕ್ಕೆ ಕೊಲೆ ಮಾಡಿದ ಹಾಗಾಗಲ್ಲ. ನಮ್ಮ ಮುಂದಿರೋದು ಒಂದೇ ಪ್ರಶ್ನೆ. ಸತ್ತ ಹುಡುಗಿಯ ಕೈ ಮೊದಲೇ ಮುರಿದಿತ್ತಾ? ಈ ವರ್ಷದ ಪ್ಲೇಟು ತೊಳೀರಿ, ನೋಡೋಣ."

ಪೆನ್ಸಿಲಕ್ಕ ಕೊನೆಯ ಪ್ಲೇಟು ತೆಗೆದಳು. ಮೂಲೆಯಲ್ಲಿ ತಾರೀಕು ಇತ್ತು, ಗುಬ್ಬಿ ಸಾಯುವುದಕ್ಕೆ ಇಪ್ಪತ್ತೊಂದು ದಿನ ಮೊದಲಿನದು. ಎರಡನೇ ಸಾಲಿನ ಆ ಹುಡುಗಿಯ ಎದೆಯ ಮೇಲೆ ಹತ್ತಿ ಸವರಿದಳು. ಏನೂ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ವಕೀಲ ತೋಳು ಕಟ್ಟಿಕೊಂಡ, ವಾರ್ಡನ್ ಮೊದಲ ಸಲ ನೀರು ಕುಡಿದ.

"ಇದು ಪೆನ್ಸಿಲಲ್ಲ ಸಾರ್, ಚಾಕು. ಇದನ್ನ ವಾಪಸ್ ತರೋಕೆ ಆಗಲ್ಲ." ಅವಳು ಪ್ಲೇಟನ್ನು ಅಧಿಕಾರಿಯ ಕೈಗಿಟ್ಟು, ಅವರ ಮಣಿಕಟ್ಟು ಹಿಡಿದು ಕಿಟಕಿಯ ಕಡೆ ಓರೆಯಾಗಿಸಿದಳು. "ಹೀಗೆ ಹಿಡೀರಿ. ಎದುರಿಗೆ ನೋಡಬೇಡಿ, ಪಕ್ಕದಿಂದ ನೋಡಿ."

ಓರೆ ಬೆಳಕಿನಲ್ಲಿ ಪ್ಲೇಟೆಲ್ಲ ಮಿರಮಿರ ಹೊಳೆಯುತ್ತಿತ್ತು. ಆ ಹುಡುಗಿಯ ಎದೆಯ ಮೇಲೆ ಮಾತ್ರ ಮಂಕು. ಕೊರಳ ಎರಡು ಪಕ್ಕದಿಂದ ಇಳಿದು ಮೊಣಕೈಯ ಹತ್ತಿರ ಅಗಲವಾದ ಮುಕ್ಕೋನ, ಕತ್ತರಿಯಲ್ಲಿ ಕತ್ತರಿಸಿದಷ್ಟು ಅಚ್ಚುಕಟ್ಟಾದ ಅಂಚು. ಹೆಗಲ ಮೇಲಿನ ಗಂಟು ಕೂಡ ಗಂಟಿನ ಆಕಾರದಲ್ಲೇ ಕೆರೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೊಂದು ಗೀರು, ಇಲ್ಲೊಂದು ಗೀರು ಎಳೆದು ಕಲಸುಮೇಲೋಗರ ಮಾಡಿರುತ್ತಿದ್ದರು. ಪೆನ್ಸಿಲಕ್ಕ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಳು.

"ಏನಿತ್ತು ಇಲ್ಲಿ?" ಅಧಿಕಾರಿಯ ದನಿ ತಗ್ಗಿತ್ತು.

"ಕೈಗೆ ಕಟ್ಟಿದ ಬಿಳೀ ಬಟ್ಟೆ."

ಅಧಿಕಾರಿ ತಮ್ಮನ ಕಡೆ ತಿರುಗಿದರು. "ಕ್ಯಾಮೆರಾ ಹಿಂದೆ ನೀವಿದ್ರಿ. ಬಟ್ಟೆ ಇತ್ತೋ, ಇರಲಿಲ್ವೋ?"

ತಮ್ಮನ ಸಹಿಯಿದ್ದ ಹಾಳೆ ಮೇಜಿನ ಮೇಲೇ ಇತ್ತು. ಅವನು ಅದನ್ನು ನೋಡಿದ, ಅಕ್ಕನನ್ನು ನೋಡಿದ, ಆಮೇಲೆ ನೆಲ ನೋಡಿದ. "ಇತ್ತು ಸಾರ್," ಎಂದ. "ತೆಗೆಸಿ ಅಂದಿದ್ದು ಇವರೇ." ಕೈ ಎತ್ತಿ ವಾರ್ಡನ್ನನ್ನು ತೋರಿಸಿದ. ವಕೀಲ ತನ್ನ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದ. ಅಧಿಕಾರಿ ಫೋನು ಎತ್ತಿ, ಅನಾಥಾಲಯಕ್ಕೆ ಈಗಲೇ ಡಾಕ್ಟರನ್ನು ಕಳಿಸಿ, ಒಂದೊಂದು ಮಗುವನ್ನೂ ಪರೀಕ್ಷೆ ಮಾಡಿಸಿ, ಇವತ್ತು ರಾತ್ರಿ ಆ ಮಕ್ಕಳು ಅಲ್ಲಿ ಮಲಗಬಾರದು ಎಂದರು. ವಾರ್ಡನ್ ಎದ್ದು ಹೊರಡಲು ನೋಡಿದಾಗ ಬಾಗಿಲ ಹತ್ತಿರದ ಪೊಲೀಸಿನವನು ಅಡ್ಡ ನಿಂತ.

ಗೆದ್ದ ಹಾಗೆಯೇ ಆಯಿತು. ಆದರೆ ಹೊಲಿಗೆಯ ಹುಡುಗಿ ವಾರ್ಡನ್ನನ್ನು ನೋಡುತ್ತಿರಲಿಲ್ಲ. ಪೆನ್ಸಿಲಕ್ಕನ ಹತ್ತಿರ ಬಂದು ನಿಂತಳು.

"ನೋಡಿಲ್ಲ ಅಂದ್ರಲ್ಲ ನನ್ನ ಹತ್ರ."

"ಸುಳ್ಳು ಹೇಳಿದೆನಮ್ಮ."

"ಬಟ್ಟೆ ತೆಗೆದಿದ್ದು ಯಾವತ್ತು?"

"ಫೋಟೋ ತೆಗೆದ ಮಾರನೇ ದಿನ."

"ಆಗ ಅವಳು ಇನ್ನೂ ಇದ್ಲು."

"ಇದ್ಲು."

"ಇಪ್ಪತ್ತು ದಿನ ಇದ್ಲು ಅಕ್ಕಾ. ಒಬ್ಬರಾದ್ರೂ ನಂಗೆ ಹೇಳಿದ್ದಿದ್ರೆ, ರಸ್ತೆ ಮೇಲಾದ್ರೂ ಸರಿ, ಅವಳನ್ನ ಪಕ್ಕದಲ್ಲಿ ಮಲಗಿಸ್ಕೊಂಡಿರ್ತಿದ್ದೆ."

ಕ್ಷಮಿಸು ಎನ್ನುವ ಮಾತು ಪೆನ್ಸಿಲಕ್ಕನ ಬಾಯಿಗೆ ಬಂದಿತ್ತು, ಆದರೆ ಆ ಹುಡುಗಿಯ ಹತ್ತಿರ ಇನ್ನೂ ಏನನ್ನೋ ಕೇಳಿ ಪಡೆಯುವುದಕ್ಕೆ ನಾಚಿಕೆಯಾಯಿತು.

ಗುಮಾಸ್ತ ಹಾಳೆ ಎಳೆದು ಓದಿದ. "ಸಾಕ್ಷಿಯು ಬಾಲಕಿಯ ಕೊರಳಿನಲ್ಲಿ ಬಿಳಿ ಬಟ್ಟೆಯನ್ನು ಕಂಡಿರುತ್ತಾರೆ. ಹೇಳಿದ ಮೇರೆಗೆ ಅದನ್ನು ಪ್ಲೇಟಿನಿಂದ ತೆಗೆದಿರುತ್ತಾರೆ. ಇಲ್ಲಿ ಸಹಿ ಮಾಡಿ ಅಮ್ಮ."

"ಇನ್ನೊಂದು ಮಾತು ಬಿಟ್ಟುಹೋಗಿದೆ," ಎಂದಳು ಪೆನ್ಸಿಲಕ್ಕ. "ಮಗು ಬದುಕಿದ್ದಾಗಲೇ ನೋಡಿದೆ, ಯಾರಿಗೂ ಹೇಳಲಿಲ್ಲ ಅಂತ ಹಾಕಿ."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. "ಅದು ಬೇಕಾಗಿಲ್ಲಮ್ಮ," ಎಂದರು ಅಧಿಕಾರಿ. "ಕೇಸಿಗೆ ಇಷ್ಟು ಸಾಕು. ಅದನ್ನ ಬರೆದರೆ ನಾಳೆ ನಿಮಗೇ ತೊಂದರೆ. ಊರಿನೋರು ಓದ್ತಾರೆ."

"ಅಕ್ಕಾ, ಸಾಕು, ಬಿಡು," ಎಂದ ತಮ್ಮ, ಅಳುವ ದನಿಯಲ್ಲಿ.

"ಬಿಟ್ರೆ ಇದನ್ನೂ ತಿದ್ದಿದ ಹಾಗಾಗತ್ತೆ ಸಾರ್. ಬರೀರಿ."

ಗುಮಾಸ್ತ ಹಾಳೆಯನ್ನು ಮತ್ತೆ ಮಷೀನಿಗೆ ಹಾಕಿ ಆ ಸಾಲು ಟೈಪು ಮಾಡಿದ. ಪೆನ್ಸಿಲಕ್ಕ ತನ್ನ ನಿಜವಾದ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದಳು. ಹೊಲಿಗೆಯ ಹುಡುಗಿ ಬಗ್ಗಿ ಆ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು, ಕೊನೆಯ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದಳು. ಪೆನ್ಸಿಲಕ್ಕ ಅವಳನ್ನು ಕರೆಯಲಿಲ್ಲ.